ಮುಂದಿನ ಸೀಟು

ವಿಮಾನ ಓಡಿಸುವ ಲೈಸೆನ್ಸ್ ಕೈಗೆ ಬಂದು ಮೂರು ತಿಂಗಳಾದರೂ ಕನ್ನಡಕದಂಗಡಿಯವನ ಪಕ್ಕದ ಸೀಟು ಖಾಲಿಯೇ ಇತ್ತು. ನಲವತ್ತಾರನೆಯ ವಯಸ್ಸಿನಲ್ಲಿ, ವಾರದ ಒಂದೇ ಒಂದು ರಜೆಯ ದಿನವನ್ನು ಎರಡು ವರ್ಷ ಸುರಿದು, ಗಾಳಿ ಮೋಡಗಳ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದು, ಕೊನೆಗೂ ಗಿಟ್ಟಿಸಿಕೊಂಡ ಲೈಸೆನ್ಸ್ ಅದು. ಸಿಕ್ಕ ದಿನ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು, ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು. ಆದರೆ "ಬನ್ನಿ, ಒಂದು ಸುತ್ತು ಹಾಕಿಸ್ತೀನಿ" ಅಂದ ಕೂಡಲೇ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ ಶುರುವಾಯಿತು. ಹೆಂಡತಿಗೆ ನೆಗಡಿ. ಅಕ್ಕನಿಗೆ ಕಿವಿನೋವು. ಅಕ್ಕನ ಗಂಡ, ಅಂದರೆ ಭಾವ, ಎಂದೂ ಆಫೀಸಿನ ಕೆಲಸ ಮನೆಗೆ ತಂದವರಲ್ಲ. ಅವರಿಗೂ ಭಾನುವಾರಗಳಂದೇ ಫೈಲುಗಳು ನೆನಪಾಗತೊಡಗಿದವು. ಮೂರು ತಿಂಗಳು ಬಿಡದ ನೆಗಡಿಯನ್ನು ಯಾವ ಡಾಕ್ಟರೂ ಕಂಡಿರಲಿಕ್ಕಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಊರಿನ ಅರ್ಧ ಜನ ಅವನು ಕೊಟ್ಟ ಕನ್ನಡಕ ಹಾಕಿಕೊಂಡೇ ರಸ್ತೆ ದಾಟುತ್ತಾರೆ. ಮನೆಯವರು ಮಾತ್ರ ಅವನ ಜೊತೆ ನೆಲ ಬಿಡಲು ತಯಾರಿಲ್ಲ. ಇದು ಅವನಿಗೆ ನಿಜಕ್ಕೂ ನೋವು ತಂದಿತ್ತು. ಒಬ್ಬನೇ ಹಾರುವಾಗ ಕೆಳಗೆ ನದಿ ಹೊಳೆದರೆ, "ನೋಡಿಲ್ಲಿ" ಅಂತ ಪಕ್ಕಕ್ಕೆ ತಿರುಗುತ್ತಿದ್ದ. ಪಕ್ಕದಲ್ಲಿ ಖಾಲಿ ಸೀಟಿಗೆ ಬಿಗಿದ ಬೆಲ್ಟು ಇರುತ್ತಿತ್ತು.

ಎಲ್ಲರಿಗಿಂತ ಹೆಚ್ಚಾಗಿ ಅವನಿಗೆ ಆ ಸೀಟಿನಲ್ಲಿ ಬೇಕಾಗಿದ್ದದ್ದು ಅಪ್ಪ. ಮೂವತ್ತನಾಲ್ಕು ವರ್ಷ ಬಸ್ ಓಡಿಸಿ ನಿವೃತ್ತರಾದ ಅಪ್ಪ ಬೇರೆಯವರು ಓಡಿಸುವ ಗಾಡಿಯಲ್ಲಿ ಸುಮ್ಮನೆ ಕೂತವರೇ ಅಲ್ಲ. ಮಗನ ಕಾರಿನಲ್ಲಿ ಪಕ್ಕ ಕೂತರೆ, ದೂರದಲ್ಲೊಂದು ಬೆಕ್ಕು ಕಂಡರೂ ಸಾಕು, ಅಪ್ಪನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಧಡ್ಡನೆ ಒತ್ತುತ್ತಿತ್ತು. ಆ ಜಾಗದಲ್ಲಿ ಕಾರಿನ ಮ್ಯಾಟು ಸವೆದು ತೂತಾಗಿತ್ತು. ಮಗ ಮುಖ ಸಪ್ಪೆ ಮಾಡಿದರೆ ಅಪ್ಪ ಸಮಾಧಾನ ಹೇಳುತ್ತಿದ್ದರು: "ನಾನು ನಿನ್ನ ನಂಬ್ತೀನಿ ಕಣೋ. ನನ್ನ ಕಾಲು ನಂಬಲ್ಲ, ನಾನೇನು ಮಾಡ್ಲಿ?"

ಊಟಕ್ಕೆ ಕೂತಾಗಲೆಲ್ಲ ಅಪ್ಪ ಡಿಪೋ ಪುರಾಣ ಬಿಚ್ಚುತ್ತಿದ್ದರು. "ಡ್ರೈವರುಗಳಲ್ಲಿ ಎರಡೇ ಜಾತಿ. ಬಸ್ಸಿಗೆ ಗೀರು ಬಿದ್ರೆ, ಡಿಪೋಗೆ ಬಂದು ತಾನಾಗೇ ತೋರಿಸೋನು ಒಬ್ಬ. ಅದರ ಮೇಲೆ ಮಣ್ಣು ಮೆತ್ತಿ ನಿಲ್ಲಿಸಿ ಮನೆಗೆ ಹೋಗೋನು ಇನ್ನೊಬ್ಬ. ಆ ಎರಡನೆಯವನು ಎಷ್ಟೇ ಚೆನ್ನಾಗಿ ಓಡಿಸ್ಲಿ, ಅವನ ಬಸ್ ನಾನು ಹತ್ತಲ್ಲ." ಮನೆಯವರಿಗೆಲ್ಲ ಇದು ಬಾಯಿಪಾಠವಾಗಿತ್ತು. ಬಾಯಿಪಾಠವಾದ ಮಾತಿನ ಅರ್ಥ ಯಾರು ನೋಡುತ್ತಾರೆ?

ಉಪಾಯ ಹೊಳೆದದ್ದು ಅಂಗಡಿಯಲ್ಲಿ. ಕನ್ನಡಕ ಮಾರುವವರಿಗೆ ಒಂದು ಗುಟ್ಟು ಗೊತ್ತಿರುತ್ತದೆ: ಗಿರಾಕಿಗೆ ಮೊದಲು ನೋಡಲಾರದಂಥ ಫ್ರೇಮು ಹಾಕಿ ಕನ್ನಡಿ ಹಿಡಿಯಬೇಕು. ಆಮೇಲೆ ಕೊಡುವ ಸಾಧಾರಣ ಫ್ರೇಮು ಸ್ವರ್ಗದಂತೆ ಕಾಣುತ್ತದೆ. ಅವನು ಹಾರಲು ಹೋಗುವ ಮೈದಾನದ ಮೂಲೆಯ ಶೆಡ್ಡಿನಲ್ಲಿ ಎಂಬತ್ತು ವರ್ಷ ಹಳೆಯ ಜೋಡಿರೆಕ್ಕೆಯ ವಿಮಾನ ಒಂದಿತ್ತು. ಮರದ ಎಲುಬು, ಬಟ್ಟೆಯ ಚರ್ಮ, ಮೇಲೊಂದು ಕೆಳಗೊಂದು ರೆಕ್ಕೆ, ನಡುವೆ ತಂತಿಗಳು. ಮೇಲೆ ಮುಚ್ಚಿಗೆ ಇಲ್ಲ; ಒಬ್ಬರ ಹಿಂದೆ ಒಬ್ಬರು ಇಳಿದು ಕೂರಲು ಎರಡು ಗುಂಡಿ, ಅಷ್ಟೆ. ಆ ತೊಟ್ಟಿಲಿನಲ್ಲಿ ಹೋಗಿ ತಾನು ಜೀವಂತ ಬಂದದ್ದನ್ನು ಮನೆಯವರು ಕಣ್ಣಾರೆ ಕಂಡರೆ, ತಾನು ಓಡಿಸುವ ಫ್ಲೈಯಿಂಗ್ ಕ್ಲಬ್ಬಿನ ಹೊಸ ಲೋಹದ ವಿಮಾನ ಅವರಿಗೆ ಸೋಫಾದಂತೆ ಕಾಣದೇ ಇರುತ್ತದೆಯೇ?

ಜೋಡಿರೆಕ್ಕೆಯ ಒಡತಿ ಎಪ್ಪತ್ತೊಂದು ವರ್ಷದ ಹೆಂಗಸು. ನಲವತ್ತು ವರ್ಷ ವಿಮಾನ ಓಡಿಸುವುದನ್ನು ಕಲಿಸಿದವರು. ಮೈದಾನದವರೆಲ್ಲ ಅವರನ್ನು ಟೀಚರಮ್ಮ ಅನ್ನುತ್ತಿದ್ದರು. ಅವನು ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ತೂಕ ಎಷ್ಟು?"

"ಎಪ್ಪತ್ತೆರಡು ಕೇಜಿ."

"ಎಪ್ಪತ್ತೇಳು ಅಂತ ಬರ್ಕೋತೀನಿ. ಮಿಕ್ಕಿದ್ದರಲ್ಲಿ ಹೇಗೋ ಏನೋ, ತೂಕದಲ್ಲಿ ಮಾತ್ರ ಯಾರೂ ನಿಜ ಹೇಳಲ್ಲ."

ಅವನ ತೂಕ ಎಪ್ಪತ್ತೇಳೂವರೆ ಇತ್ತು.

"ಎಷ್ಟು ಗಂಟೆ ಹಾರಿದೀರಿ?"

"ಅರವತ್ತೆರಡು ಗಂಟೆ, ಮೇಡಂ. ಲೈಸೆನ್ಸ್ ಇದೆ."

"ಬಾಲದ ಕೆಳಗೆ ಚಕ್ರ ಇರೋದನ್ನ ಓಡಿಸಿದೀರಾ?"

"ಇಲ್ಲ."

"ನೆಲದ ಮೇಲಿರೋವಾಗ ಇದರ ಮೂತಿ ಆಕಾಶ ನೋಡ್ತಿರುತ್ತೆ, ಮುಂದೇನಿದೆ ಕಾಣಲ್ಲ. ಅದಕ್ಕೆ ಬೇರೆ ಪಾಠ ಇದೆ, ಆಮೇಲೆ ನೋಡೋಣ. ಈ ಭಾನುವಾರ ನಾನು ಓಡಿಸ್ತೀನಿ, ನೀವು ಮೂಟೆ. ಒಪ್ಪಿಗೆನಾ?"

ಮೂಟೆ ಒಪ್ಪಿತು. ಮನೆಗೆ ಬಂದು ಅವನು, "ಈ ಭಾನುವಾರ ಜೋಡಿರೆಕ್ಕೆ ವಿಮಾನದಲ್ಲಿ ಹೋಗ್ತಿದೀನಿ, ಎಲ್ಲರೂ ನೋಡೋಕೆ ಬನ್ನಿ" ಅಂದ. ನೋಡುವುದಕ್ಕೆ ಯಾರಿಗೂ ನೆಗಡಿ ಇರಲಿಲ್ಲ. ಓಡಿಸುವವರು ಯಾರು ಅಂತ ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಮೈದಾನದ ಬೇಲಿಯ ಪಕ್ಕ ಮನೆಯವರು ಚಾಪೆ ಹಾಸಿ, ಛತ್ರಿ ಬಿಚ್ಚಿ, ನೀರಿನ ಬಾಟಲಿಗಳನ್ನಿಟ್ಟುಕೊಂಡು ಕೂತರು. ಅಪ್ಪ ಮಾತ್ರ ನಿಂತೇ ಇದ್ದರು. ಭಾವ ಮೂರು ಸಲ, "ಏನಯ್ಯಾ ಪೈಲಟ್ಟು, ವಿಲ್ ಬರೆದಿಟ್ಟಿದೀಯಾ?" ಅಂತ ಕೇಳಿ ಮೂರು ಸಲವೂ ತಾವೇ ನಕ್ಕರು.

ಶೆಡ್ಡಿನ ಬಳಿ ಟೀಚರಮ್ಮ ಅವನಿಗೆ ಚರ್ಮದ ಟೋಪಿ, ದೊಡ್ಡ ಕನ್ನಡಕ ಕೊಟ್ಟು ಮುಂದಿನ ಗುಂಡಿಗೆ ಇಳಿಸಿದರು. ಈ ವಿಮಾನದ ರೀತಿಯೇ ಹಾಗೆ: ಓಡಿಸುವವರು ಹಿಂದೆ, ಮೂಟೆ ಮುಂದೆ. ಭಾರದ ಲೆಕ್ಕ ಸರಿಹೋಗಬೇಕಲ್ಲ. ಮೂಟೆಗೆ ಕೈಯಾಡಿಸುವ ಆಸೆ ಬಾರದಿರಲಿ ಅಂತ ಅವರು ಮುಂದಿನ ಗುಂಡಿಯಲ್ಲಿ ವಿಮಾನವನ್ನು ಹಿಡಿತದಲ್ಲಿಡುವ ಸ್ಟಿಕ್ಕನ್ನೂ ಬಿಚ್ಚಿಟ್ಟಿದ್ದರು. ಕನ್ನಡಕದವನ ಎರಡು ಮೊಣಕಾಲುಗಳ ನಡುವೆ, ಸ್ಟಿಕ್ ಇರಬೇಕಾದ ಕಡೆ, ಒಂದು ತೂತು ಇತ್ತು.

"ಅದರೊಳಗೆ ಪೆನ್ನು ಗಿನ್ನು ಬೀಳಿಸಬೇಡಿ ಮತ್ತೆ" ಅಂತ ಹಿಂದಿನಿಂದ ಟೀಚರಮ್ಮ ಕೂಗಿ ಹೇಳಿದರು. ಮೆಕ್ಯಾನಿಕ್ ಮೂತಿಯ ಪಂಖವನ್ನು ಕೈಯಿಂದ ತಿರುವಿದ. ಇಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು.

ಹಾರಾಟ ಹನ್ನೆರಡು ನಿಮಿಷ. ಗಾಳಿ ಕೆನ್ನೆಗೆ ಬಡಿಯಿತು, ತಂತಿಗಳು ಹಾಡಿದವು, ಹೊಸದಾಗಿ ಕಡಿದ ಹುಲ್ಲಿನ ವಾಸನೆ ಅಷ್ಟು ಮೇಲಕ್ಕೂ ಬಂತು. ಅವನಿಗೆ ಹುಚ್ಚು ಖುಷಿಯಾಯಿತು. ಬೇಲಿಯ ಮೇಲೆ ಕೆಳಮಟ್ಟದಲ್ಲಿ ಹಾದು ಹೋಗುವಾಗ ಕೆಳಗೆ ಹೆಂಡತಿಯ ಹಳದಿ ಛತ್ರಿ ಕಂಡಿತು. ಚಿಕ್ಕ ಮಗುವಿನಂತೆ ಎರಡೂ ಕೈ ಎತ್ತಿ ಬೀಸಿದ. ಆಮೇಲೆ ಟೀಚರಮ್ಮ ಆ ವಿಮಾನವನ್ನು ಹುಲ್ಲಿಗೇ ಗೊತ್ತಾಗದಂತೆ ಹುಲ್ಲಿನ ಮೇಲೆ ಇಳಿಸಿದರು. ಚಕ್ರ ಯಾವಾಗ ನೆಲಕ್ಕೆ ತಾಕಿತು ಅಂತ ಒಳಗೆ ಕೂತಿದ್ದ ಅವನಿಗೇ ತಿಳಿಯಲಿಲ್ಲ.

ಇಂಜಿನ್ನು ನಿಂತಾಗ ಮನೆಯವರೆಲ್ಲ ಬೇಲಿಯ ಗೇಟು ದಾಟಿ ಓಡೋಡಿ ಬಂದಿದ್ದರು. ಅವನು ಗುಂಡಿಯಿಂದ ಕಾಲು ಹೊರಗಿಡುವ ಮೊದಲೇ ಭಾವ ಕೈ ಹಿಡಿದು ಕುಲುಕಿದರು. "ನಾನು ಏನೇನೋ ಅಂದಿದ್ದೆ, ಮನಸ್ಸಲ್ಲಿ ಇಟ್ಕೋಬೇಡ. ಎರಡೂ ಕೈ ಬಿಟ್ಟು ಟಾಟಾ ಮಾಡ್ಕೊಂಡು ಹೋದ್ಯಲ್ಲ! ಸೈಕಲ್ಲಲ್ಲೂ ನಂಗೆ ಹಾಗೆ ಬರಲ್ಲ!"

ಮುಂದೆ ಕೂತವನೇ ಓಡಿಸುವವನು. ಕಾರಿನಲ್ಲಿ ಹಾಗೆ, ಬಸ್ಸಿನಲ್ಲಿ ಹಾಗೆ; ಇಲ್ಲಿ ಬೇರೆ ರೀತಿ ಇದ್ದೀತು ಅಂತ ಅವರಿಗೆ ಹೊಳೆಯುವುದಾದರೂ ಹೇಗೆ? ಹಿಂದಿನ ಗುಂಡಿಯಿಂದ ನಿಧಾನವಾಗಿ ಇಳಿಯುತ್ತಿದ್ದ ಟೀಚರಮ್ಮನ ಕಡೆಗೆ ಹೆಂಡತಿ ನೀರಿನ ಬಾಟಲಿ ಹಿಡಿದು ಓಡಿದಳು. "ಪಾಪ, ಕೈ ಹಿಡ್ಕೊಳ್ಳಿ ಅಮ್ಮ. ತುಂಬ ಭಯ ಆಯ್ತಾ?"

ಟೀಚರಮ್ಮ ಅವಳನ್ನು ನೋಡಿದರು, ಕನ್ನಡಕದವನನ್ನು ನೋಡಿದರು, ನೀರು ಕುಡಿದರು. "ಸ್ವಲ್ಪ ಆಯ್ತಮ್ಮ. ನಲವತ್ತು ವರ್ಷದಿಂದ ಸ್ವಲ್ಪ ಸ್ವಲ್ಪ ಆಗ್ತಾನೇ ಇದೆ." ಅಷ್ಟು ಹೇಳಿ ಅವರು ಹೋಗಿ ರೆಕ್ಕೆಯ ತಂತಿಗಳನ್ನು ಮುಟ್ಟಿ ಮುಟ್ಟಿ ನೋಡತೊಡಗಿದರು. ಬಿಡಿಸುವ ಗಂಟು ಅವನದು, ತಮ್ಮದಲ್ಲ ಅನ್ನುವ ಹಾಗಿತ್ತು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಬಂದು ತೋಳು ಹಿಡಿದಳು. ಅವಳ ಕಣ್ಣು ಹೊಳೆಯುತ್ತಿತ್ತು. "ರೀ, ಮಧ್ಯಾಹ್ನ ನನ್ನೂ ಕರ್ಕೊಂಡು ಹೋಗ್ತೀರಾ? ನಿಮ್ಮ ವಿಮಾನದಲ್ಲಿ?"

ಮೂರು ತಿಂಗಳಿಂದ ಅವನು ಕಾದಿದ್ದು ಇದೇ ಮಾತಿಗೆ. ಅಕ್ಕ, "ಅವಳಾದ ಮೇಲೆ ನಾನು" ಅಂದಳು, ಕಿವಿ ವಾಸಿಯಾಗಿತ್ತು. ಭಾವ ಆಗಲೇ ಯಾರಿಗೋ ಫೋನ್ ಹಚ್ಚಿ, "ನಮ್ಮ ಬಾಮೈದ, ಎರಡೂ ಕೈ ಬಿಟ್ಟು…" ಅಂತ ಶುರುಮಾಡಿದ್ದರು. ಸುಳ್ಳು ಹೇಳಿದವರು ಯಾರೂ ಇಲ್ಲ, ಸುಳ್ಳು ಮಾತ್ರ ಚಾಪೆ ಹಾಸಿಕೊಂಡು ಕೂತುಬಿಟ್ಟಿತ್ತು. ಇರಲಿ ಬಿಡು, ಅಂದಿತು ಅವನ ಮನಸ್ಸು. ಎಲ್ಲರನ್ನೂ ಒಂದೊಂದು ಸಲ ಮೇಲೆ ಕರೆದುಕೊಂಡು ಹೋಗಿ, ಸುಖವಾಗಿ ಇಳಿಸಿದ ಮೇಲೆ ನಿಜ ಹೇಳಿದರೆ ಆಯಿತು. ಆಗ ನಗುತ್ತಾರೆ ಕೂಡ. ಯಾರ ಗಂಟು ಹೋಗುತ್ತದೆ?

ಕೊನೆಗೆ ಅಪ್ಪ ಬಂದರು. ಡಿಪೋದಲ್ಲಿ ಬಸ್ಸಿನ ಸುತ್ತ ಬರುತ್ತಿದ್ದ ಹಾಗೇ ವಿಮಾನದ ಸುತ್ತ ಒಂದು ಬಾರಿ ಬಂದು ಮಗನೆದುರು ನಿಂತರು.

"ಇಳಿಸಿದ್ದು ಚೆನ್ನಾಗಿತ್ತು" ಅಂದರು.

ಕಾರು ಕಲಿತ ದಿನದಿಂದ ಇಲ್ಲಿಯತನಕ ಅಪ್ಪ ಅವನಿಗೆ ಇಂಥ ಮಾತು ಆಡಿರಲಿಲ್ಲ.

"ಒಂದು ಕೇಳ್ತೀನಿ" ಅಂದರು ಅಪ್ಪ. "ಎರಡೂ ಕೈ ಮೇಲೆತ್ತಿದೆಯಲ್ಲ, ಆಗ ಗಾಡಿ ಯಾರ ಕೈಲಿತ್ತು?"

ಉತ್ತರ ನಾಲಿಗೆಯ ತುದಿಯಲ್ಲೇ ಸಿದ್ಧವಿತ್ತು. ನೆಟ್ಟಗೆ ಹೋಗುವ ವಿಮಾನ ಕೈ ಬಿಟ್ಟರೂ ಸ್ವಲ್ಪ ಹೊತ್ತು ತಾನೇ ಹೋಗುತ್ತದೆ. ಇದು ಪಾಠದ ಪುಸ್ತಕದಲ್ಲಿರುವ ಅಪ್ಪಟ ನಿಜ. ಈ ನಿಜವನ್ನು ಹೇಳಿದರೆ ಇಂದು ಮಧ್ಯಾಹ್ನ ಪಕ್ಕದ ಸೀಟಿನಲ್ಲಿ ಅಪ್ಪ. ಅವನು ಅಪ್ಪನ ಮುಖ ನೋಡಿದ. ಹೆಂಡತಿಗೆ ಹೇಳಬಹುದಾದದ್ದು, ಭಾವನಿಗೆ ಧಾರಾಳವಾಗಿ ಹೇಳಬಹುದಾದದ್ದು, ಈ ಮುಖದೆದುರು ಹೊರಡಲಿಲ್ಲ.

"ಟೀಚರಮ್ಮನ ಕೈಲಿತ್ತು ಅಪ್ಪ. ಮೊದಲಿಂದ ಕೊನೇತನಕ ಅವರದೇ. ಇಳಿಸಿದ್ದೂ ಅವರೇ. ನನ್ನ ಮುಂದೆ ಬರೀ ಒಂದು ತೂತಿತ್ತು."

ಭಾವ ಫೋನಿನಲ್ಲಿ, "ಆಮೇಲೆ ಮಾಡ್ತೀನಿ" ಅಂದರು. ಹೆಂಡತಿ ಅವನ ತೋಳು ಬಿಟ್ಟಳು. ಅವಳಿಗೆ ಕೋಪ ಬಂದಿತ್ತೋ ನಗು ಬಂದಿತ್ತೋ, ಅವನಿಗೆ ಆ ಕಡೆ ನೋಡುವ ಧೈರ್ಯವಾಗಲಿಲ್ಲ. ಎಲ್ಲರೂ ಒಟ್ಟಿಗೆ ತಿರುಗಿ, ತಂತಿ ಮುಟ್ಟಿ ನೋಡುತ್ತಿದ್ದ ಎಪ್ಪತ್ತೊಂದರ ಹೆಂಗಸನ್ನು ನೋಡಿದರು.

ಮುಂದೆ ನಡೆದದ್ದು ಹೇಳಿದರೆ ನಗೆಪಾಟಲು. ಐದು ನಿಮಿಷದ ಹಿಂದೆ ಕೈ ಹಿಡಿದು ಇಳಿಸಬೇಕಾಗಿದ್ದ ಪಾಪದ ಮುದುಕಿಯ ಮುಂದೆ ಮನೆಯವರು ಸಾಲು ಹಚ್ಚಿದರು. "ನನ್ನೂ ಒಂದು ಸುತ್ತು ಅಮ್ಮ", "ನನ್ನ ತೂಕ ಕಮ್ಮಿ ಅಮ್ಮ". ಎಂಬತ್ತು ವರ್ಷದ ಬಟ್ಟೆಯ ವಿಮಾನ, ಹೆಸರೂ ಕೇಳದ ಪೈಲಟ್ಟು; ಆದರೂ ಯಾರಿಗೂ ನೆಗಡಿ ಇಲ್ಲ, ಕಿವಿನೋವು ಇಲ್ಲ. ನೋಡಲಾರದ ಫ್ರೇಮನ್ನೇ ಗಿರಾಕಿಗಳು ಕೊಂಡುಕೊಂಡು ಹೊರಟಿದ್ದರು. ಕನ್ನಡಕದವನು ಒಬ್ಬೊಬ್ಬರನ್ನೇ ಮುಂದಿನ ಗುಂಡಿಗೆ ಇಳಿಸಿ, ಬೆಲ್ಟು ಬಿಗಿದು, ಟೋಪಿಯ ಪಟ್ಟಿ ಕಟ್ಟಿ ಕಳಿಸಿದ. ಭಾವನ ಬೆಲ್ಟನ್ನು ಮಾತ್ರ ಬೇಕೆಂದೇ ಒಂದು ತೂತು ಬಿಗಿಯಾಗಿ ಎಳೆದ.

ಎಲ್ಲರದೂ ಮುಗಿದಾಗ ಟೀಚರಮ್ಮ ಅಪ್ಪನನ್ನು ಕರೆದರು. "ಬನ್ನಿ ಯಜಮಾನ್ರೇ, ನೀವೊಬ್ಬರು ಉಳಿದ್ರಿ."

"ಇಲ್ಲಮ್ಮ, ನೀವು ಸುಧಾರಿಸ್ಕೊಳ್ಳಿ" ಅಂದರು ಅಪ್ಪ. ಆಮೇಲೆ ಮಗನ ಕಡೆ ತಿರುಗಿದರು. "ಎಲ್ಲೋ ನಿನ್ನ ಗಾಡಿ?"

ಅವನಿಗೆ ಅರ್ಥವಾಗಲಿಲ್ಲ. "ಅಪ್ಪ, ನಾನು ಇಳಿಸೋದು ಅವರಷ್ಟು ಚೆನ್ನಾಗಿರಲ್ಲ."

"ಅದು ಗೊತ್ತು. ನೀನು ಗೀರು ತೋರಿಸಿದೆ. ನಡಿ."

ಕ್ಲಬ್ಬಿನ ವಿಮಾನದಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಮೂರು ತಿಂಗಳು ಖಾಲಿ ಸೀಟಿಗೆ ಬಿಗಿದಿದ್ದ ಬೆಲ್ಟನ್ನು ಅವನು ಅಪ್ಪನ ಹೊಟ್ಟೆಯ ಅಳತೆಗೆ ಸಡಿಲಿಸಿದ. ಹೇಳಬೇಕಾದದ್ದು ಒಂದಿತ್ತು; ಹೇಗೆ ಹೇಳುವುದು ಅಂತ ಯೋಚಿಸಿ ನೇರವಾಗಿಯೇ ಹೇಳಿಬಿಟ್ಟ. "ಅಪ್ಪ, ಇದು ಕಲಿಸೋ ವಿಮಾನ. ನಿಮ್ಮ ಕಾಲ ಹತ್ತಿರ ಇರೋ ಪೆಡಲ್ಲುಗಳು ನಿಜವಾದವು. ದಿಕ್ಕು ತಿರುಗಿಸೋದೂ ಅವೇ, ಬ್ರೇಕೂ ಅವೇ. ನೀವು ಒತ್ತಿದ್ರೆ ನಾನು ಒತ್ತಿದ ಹಾಗೇನೆ. ಇಳಿಯೋವಾಗ ಒತ್ತಿದ್ರೆ ಪಕ್ಕಕ್ಕೆ ಎಳೆದುಬಿಡುತ್ತೆ."

ಅಪ್ಪ ಬಗ್ಗಿ ಪೆಡಲ್ಲುಗಳನ್ನು ನೋಡಿದರು. ಮಗನ ಗಾಡಿಯಲ್ಲಿ ಇಷ್ಟು ವರ್ಷ ಹುಡುಕಿದ ಬ್ರೇಕು ಕೊನೆಗೂ ಕಾಲ ಬುಡಕ್ಕೇ ಬಂದಿತ್ತು, ಮುಟ್ಟುವ ಹಾಗಿರಲಿಲ್ಲ. "ಹೂಂ" ಅಂದರು.

ಮೇಲೆ ಹೋದ ಮೇಲೆ ನದಿ ಹೊಳೆಯಿತು. "ನೋಡಿಲ್ಲಿ" ಅಂದ. ಅಪ್ಪ ನೋಡಿದರು. ತಾವು ಬಸ್ ಓಡಿಸುತ್ತಿದ್ದ ರಸ್ತೆಯನ್ನು ಬೆರಳಿನಿಂದ ಗುರುತಿಸಿ, ಅದರ ತಿರುವುಗಳನ್ನೆಲ್ಲ ಒಂದೊಂದಾಗಿ ಎಣಿಸಿದರು. ಹಿಂತಿರುಗುವಾಗ ಅಡ್ಡಗಾಳಿ ಎದ್ದಿತ್ತು. ರನ್‌ವೇ ಹತ್ತಿರ ಬಂತು, ವಿಮಾನ ಒಮ್ಮೆ ಓಲಾಡಿತು, ಚಕ್ರ ನೆಲಕ್ಕೆ ಬಡಿದು ಒಂದು ಸಲ ಪುಟಿಯಿತು, ಮತ್ತೆ ಕೂತಿತು. ಈಗ ಒತ್ತಿಯೇ ಒತ್ತುತ್ತಾರೆ ಅಂತ ಅವನು ಓರೆಗಣ್ಣಿನಲ್ಲಿ ಅಪ್ಪನ ಕಾಲಿನ ಕಡೆ ನೋಡಿದ.

ಅಪ್ಪನ ಬಲಗಾಲು ಪೆಡಲ್ಲಿನಿಂದ ಒಂದು ಗೇಣು ಮೇಲಿತ್ತು. ಅಪ್ಪ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಗಳಿಂದ ಮೊಣಕಾಲನ್ನು ಎದೆಗೆ ಅವುಚಿ ಹಿಡಿದು, ಕಾಲನ್ನು ಮೇಲೆತ್ತಿಕೊಂಡು ಕೂತಿದ್ದರು. ಮೀನಖಂಡ ನಡುಗುತ್ತಿತ್ತು. ಕೈ ಬಿಟ್ಟಿರಲಿಲ್ಲ.

ವಿಮಾನ ಶೆಡ್ಡಿನ ಮುಂದೆ ಬಂದು ನಿಂತಿತು. ಪಂಖ ನಿಂತಿತು.

"ನಿಲ್ತಾ?" ಅಂದರು ಅಪ್ಪ, ಕಣ್ಣು ತೆರೆಯದೆ.

"ನಿಲ್ತು ಅಪ್ಪ."

ಆಮೇಲೆ ಅಪ್ಪ ಕಾಲು ಕೆಳಗಿಟ್ಟರು.