ಶೇಕಡಾ ನೂರಕ್ಕೆ ಅಡ್ಡ ಬಂದವಳು

ಗೋವಿಂದರಾಜನಗರದ ನಮ್ಮ ಶಾಲೆಯ ಹೆಡ್‌ಮಾಸ್ತರು ಲಕ್ಷ್ಮೀಪತಿಯವರಿಗೆ ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ, ಅಂಕ ನೆನಪಿರುತ್ತಿತ್ತು. ಎದುರಿಗೆ ಸಿಕ್ಕ ಹುಡುಗನನ್ನು ನಿಲ್ಲಿಸಿ "ನೀನು ಮೂವತ್ತೊಂಬತ್ತು ಅಲ್ವೇನೋ?" ಎಂದು ವಿಚಾರಿಸುವ ಮನುಷ್ಯ. ಹತ್ತನೇ ತರಗತಿಯಲ್ಲಿ ಏಳು ವರ್ಷದಿಂದ ಶೇಕಡಾ ನೂರು ಫಲಿತಾಂಶ ತೆಗೆಸುತ್ತಿದ್ದರು. ಆ ನೂರು ಎಲ್ಲಿಂದ ಬರುತ್ತದೆಂದು ಸಿಬ್ಬಂದಿಗೆಲ್ಲ ಗೊತ್ತಿತ್ತು. ಹಿಂದೆ ಬಿದ್ದವರ ಕೈಗೆ ಒಂಬತ್ತನೇ ತರಗತಿಯಲ್ಲೇ ಟಿ.ಸಿ. ಕೊಟ್ಟು ಸಾಗಹಾಕುತ್ತಿದ್ದರು. ನಾನು ಅಲ್ಲಿ ವಿಜ್ಞಾನದ ಟೀಚರ್. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವರಲ್ಲಿ ಒಬ್ಬಳು.

ಹತ್ತನೇ ತರಗತಿಯ ರಕ್ಷಾ ಹಿಂದೆ ಬಿದ್ದವಳಲ್ಲ, ಒಂಬತ್ತರಲ್ಲಿ ಎಂಬತ್ತೆಂಟು ತೆಗೆದವಳು. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಗಣಿತದ ದಿನ, ಅವಳ ಕೊಠಡಿಗೆ ನಾನೇ ಮೇಲ್ವಿಚಾರಕಿ. ಗಂಟೆ ಹೊಡೆದು ಇಪ್ಪತ್ತು ನಿಮಿಷಕ್ಕೆ ಅವಳ ಪೆನ್ನು ಕೆಳಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಳ್ಳಲಿಲ್ಲ. ಹತ್ತಿರ ಹೋದರೆ ಬೆರಳುಗಳು ಸೆಟೆದುಕೊಂಡಿವೆ, ಉಸಿರು ತುಂಡುತುಂಡಾಗಿ ಬರುತ್ತಿದೆ.

"ಮಿಸ್, ಅಕ್ಷರಾನೇ ಕಾಣಿಸ್ತಿಲ್ಲ. ನಾನು ಸತ್ತೋಗ್ತೀನಾ?"

ಅವಳನ್ನು ಸ್ಟಾಫ್ ರೂಮಿಗೆ ಕರೆತಂದು ನೀರು ಕುಡಿಸಿದೆ. ಅವಳ ಅಪ್ಪ ಯೋಗಾನಂದ ಕಾರಿನಲ್ಲಿ ಬಂದಿಳಿದರು. ನಾಲ್ಕು ಕಟ್ಟಡಗಳ ಬಾಡಿಗೆ ವಸೂಲಿ ಮಾಡುವುದೇ ಅವರ ಉದ್ಯೋಗ. ಮಗಳ ಮುಖ ಕೂಡ ನೋಡದೆ ನನ್ನನ್ನೇ ಕೇಳಿದರು: "ಇವ್ಳಿಗೇನು ಕಮ್ಮಿ ಮಾಡಿದೀನಿ ಮೇಡಂ? ಎಸಿ ರೂಮು, ಎರಡೆರಡು ಟ್ಯೂಷನ್ನು. ಬರೀ ನಾಟಕ."

ಅದೇ ವಾರ ಇನ್ನಿಬ್ಬರು ಮಕ್ಕಳು ಪರೀಕ್ಷಾ ಕೊಠಡಿಯಲ್ಲಿ ಅತ್ತರು. ಗಾಬರಿಯಾದ ಲಕ್ಷ್ಮೀಪತಿಯವರು ಒತ್ತಡ ನಿವಾರಣಾ ಶಿಬಿರ ಇಡಿಸಿದರು. ಕೆನ್ನೆಗೆ ಮೈಕು ಅಂಟಿಸಿಕೊಂಡ ಒಬ್ಬ ಮೈಂಡ್ ಟ್ರೈನರ್ ಬಂದ. ನಿಮ್ಮ ಭಯವನ್ನು ಚೀಟಿಯಲ್ಲಿ ಬರೆದು ಬಲೂನಿನೊಳಗೆ ಹಾಕಿ, ಊದಿ, ನಾನು ಹೇಳಿದಾಗ ಒಟ್ಟಿಗೆ ಒಡೆಯಿರಿ ಎಂದ. ತಗಡಿನ ಚಾವಣಿಯ ಹಾಲ್‌ನಲ್ಲಿ ನೂರಿಪ್ಪತ್ತು ಬಲೂನು ಒಮ್ಮೆಗೇ ಒಡೆದವು. ರಕ್ಷಾ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಮುದುಡಿ ಕುಳಿತಳು, ಕುಳಿತಲ್ಲೇ ವಾಂತಿ ಮಾಡಿಕೊಂಡಳು.

"ನೋಡಿ, ನೋಡಿ! ಒಳಗಿದ್ದ ಭಯ ಹೊರಗೆ ಬರ್ತಿದೆ! ಆ ಮಗುಗೆ ಒಂದು ಜೋರು ಚಪ್ಪಾಳೆ!" ಎಂದು ಟ್ರೈನರ್ ಕೂಗಿದ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಹತ್ತು ದಿನದ ಮೇಲೆ ಹೆಡ್‌ಮಾಸ್ತರು ಯೋಗಾನಂದರನ್ನು ಕರೆಸಿ ಕಾಫಿ ಕೊಟ್ಟರು. ನಾನು ಹಾಜರಿ ಪುಸ್ತಕ ಹಿಡಿದು ಅಲ್ಲೇ ನಿಂತಿದ್ದೆ. ಈ ವರ್ಷ ಹುಡುಗಿ ಪರೀಕ್ಷೆಗೆ ಕೂರುವುದು ಬೇಡ, ಅನಾರೋಗ್ಯ ಅಂತ ಒಂದು ಪತ್ರ ಬರೆದುಕೊಡಿ ಎಂದರು. ಅಪ್ಪನ ಮುಖದಲ್ಲಿ ದುಃಖವೇನೂ ಕಾಣಲಿಲ್ಲ, ಹೊರೆ ಇಳಿದಂತಾಯಿತು.

"ಟೈಫಾಯ್ಡ್ ಅಂತ ಬರೀಲಾ ಸಾರ್?"

"ಜಾಂಡೀಸ್ ಅಂತ ಹಾಕಿ. ಅದು ಜಾಸ್ತಿ ದಿನ ಇರತ್ತೆ."

ಇಬ್ಬರೂ ಓದುಬರಹ ಬಲ್ಲವರು. ಮಗುವಿನ ಒಂದು ವರ್ಷವನ್ನು ಅವರು ಮುಗಿಸಿದ್ದು ಒಂದು ಲೋಟ ಕಾಫಿಯಲ್ಲಿ.

ಮಾರ್ಚ್ ಮೊದಲ ವಾರ ಯೋಗಾನಂದರ ತಾಯಿ ಮುನಿಲಕ್ಷ್ಮಮ್ಮ ಮೊಮ್ಮಗಳ ಕೈ ಹಿಡಿದು ಶಾಲೆಗೆ ಬಂದರು. ಕೂರಿ ಎನ್ನುವ ಮೊದಲೇ ಕುರ್ಚಿ ಎಳೆದು ಕೂತರು.

"ನಮ್ಮುಡ್ಗಿಗೆ ಜಾಂಡೀಸ್ ಅಂತ ಬರ್ದೋನ್ಯಾವನು?"

ಮಗನಿಗೆ ಹೇಳದೆ, ಮೊಮ್ಮಗಳನ್ನು ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಬಸ್ಸಿನಲ್ಲಿ ಮೂರು ಸಲ ಕರೆದುಕೊಂಡು ಹೋಗಿದ್ದರಂತೆ. ಇದು ಆತಂಕದ ಕಾಯಿಲೆ, ಔಷಧಿ ನಡೆಯುತ್ತಿದೆ, ಪರೀಕ್ಷೆ ಬರೆಯಬಹುದು ಎಂಬ ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟರು.

"ಅಜ್ಜೀ, ನಿಮಗೆ ಇದೆಲ್ಲ ಅರ್ಥ ಆಗಲ್ಲ," ಎಂದರು ಲಕ್ಷ್ಮೀಪತಿ.

"ನಂಗಲ್ದೆ ಇನ್ಯಾರ್ಗಪ್ಪ ಅರ್ಥ ಆಗೋದು? ಎರಡ್ನೇ ಹೆರಿಗೆ ಆದಾಗ ನಂಗೂ ಹಿಂಗೇ ಎದೆ ಹಿಡ್ಕೊಳ್ಳೋದು. ದೆವ್ವ ಅಂತ ಬೇವಿನ ಬರಲಲ್ಲಿ ಹೊಡದ್ರು. ಇವ್ಳಿಗೆ ಹೊಡ್ಯಾಕೆ ನಾನ್ ಬಿಡಾಕಿಲ್ಲ. ಹಾಲ್ ಟಿಕೆಟ್ ಕೊಡಿ."

"ಅವಳದ್ದು ಬಂದೇ ಇಲ್ಲವಲ್ಲಾ," ಎಂದರು ಲಕ್ಷ್ಮೀಪತಿ. ಕಣ್ಣು ಕೂಡ ಮಿಟುಕಿಸಲಿಲ್ಲ.

ಅದು ಹಿಂದಿನ ದಿನವೇ ಬಂದಿತ್ತು. ಕಟ್ಟು ಬಿಚ್ಚಿದವಳು ನಾನೇ.

"ಬಂದಿದೆ ಸಾರ್. ಬೀರುವಿನಲ್ಲಿದೆ."

ನಾನೇ ಹೋಗಿ ತಂದು ಅಜ್ಜಿಯ ಕೈಗಿಟ್ಟೆ. ಲಕ್ಷ್ಮೀಪತಿಯವರು ಚಪ್ಪಲಿಗೆ ಮೆತ್ತಿದ ಸಗಣಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಸಂಜೆ ರಕ್ಷಾಳ ಮನೆಗೆ ಹೋದೆ. ಉಳಿದ ಪಾಠ ಹೇಳಿಕೊಡುತ್ತೇನೆ ಎಂದೆ. ರಕ್ಷಾ ತಲೆ ಎತ್ತಲಿಲ್ಲ.

"ನೀವೂ ಚಪ್ಪಾಳೆ ಹೊಡೆದ್ರಿ ಮಿಸ್."

"ಹೂಂ ಕಣೇ. ಹೊಡೆದೆ."

"ಯಾಕೆ?"

"ಎಲ್ಲಾರೂ ಹೊಡೀತಿದ್ರು. ಸುಮ್ನೆ ನಿಲ್ಲೋಕೆ ಭಯ ಆಯ್ತು."

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ತುಟಿ ಓರೆಯಾಯಿತು. ಆ ತಾತ್ಸಾರಕ್ಕೆ ನಾನು ಅರ್ಹಳೇ.

"ಶಾಲೇಲಿ ಹೆದ್ರುಪುಕ್ಲಿ ನಾನೊಬ್ಳೇ ಅನ್ಕೊಂಡಿದ್ದೆ," ಎಂದು ಪುಸ್ತಕ ತೆರೆದಳು.

ಮೂರು ವಾರ ಅವರ ಮನೆಯ ವರಾಂಡದಲ್ಲೇ ಪರೀಕ್ಷೆ ನಡೆಸಿದೆವು. ಮುನಿಲಕ್ಷ್ಮಮ್ಮ ಕಡಲೆಕಾಯಿ ಬಿಡಿಸುತ್ತಾ ಮೇಲ್ವಿಚಾರಣೆಗೆ ಕೂರುತ್ತಿದ್ದರು. ಎದೆ ಬಿಗಿದರೆ ಅದರ ಜೊತೆ ಗುದ್ದಾಡಬೇಡ, ಪೆನ್ನು ಕೆಳಗಿಡು, ಎರಡು ಪಾದವನ್ನೂ ನೆಲಕ್ಕೆ ಊರು, ಉಸಿರನ್ನು ನಿಧಾನವಾಗಿ ಹೊರಗೆ ಬಿಡು, ಬಂದದ್ದು ತಾನಾಗಿ ಇಳಿಯುತ್ತದೆ ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಕೆಲವು ದಿನ ಇಳಿಯುತ್ತಿತ್ತು. ಕೆಲವು ದಿನ ಅವಳು ಉತ್ತರ ಪತ್ರಿಕೆ ಹರಿದುಹಾಕಿ ಒಳಗೆ ಹೋಗಿ ಮಲಗುತ್ತಿದ್ದಳು. ಯೋಗಾನಂದರು ನಮ್ಮನ್ನು ದಾಟಿ ಹೋಗುವಾಗ ಗಂಟಲು ಕೆರೆದು ತಮ್ಮ ಅಭಿಪ್ರಾಯ ತಿಳಿಸುತ್ತಿದ್ದರು.

ಐದು ಪತ್ರಿಕೆ ಹೇಗೋ ದಾಟಿದಳು. ಗಣಿತದ ದಿನ ಕೈ ಮತ್ತೆ ಸೆಟೆದುಕೊಂಡಿತು. ಪೆನ್ನು ಕೆಳಗಿಟ್ಟು ಅರ್ಧ ಗಂಟೆ ಸುಮ್ಮನೆ ಕುಳಿತಿದ್ದಳಂತೆ. ಪಕ್ಕದವರೆಲ್ಲ ಹಾಳೆ ತಿರುಗಿಸುತ್ತಿದ್ದ ಸದ್ದು ಕೇಳಿಸುತ್ತಿತ್ತಂತೆ. ಆಮೇಲೆ ಒಂದಂಕದ ಪ್ರಶ್ನೆಗಳಿಂದ ಶುರುಮಾಡಿ, ಬಂದಷ್ಟು ಬರೆದು ಎದ್ದು ಬಂದಳು.

ಗಣಿತದಲ್ಲಿ ನಲವತ್ತೊಂದು ಬಂತು, ಉಳಿದವುಗಳಲ್ಲಿ ಅರವತ್ತರ ಮೇಲೆ. ಫೋನಿನಲ್ಲಿ ಫಲಿತಾಂಶ ನೋಡಿದ ಯೋಗಾನಂದರು, "ನಲವತ್ತೊಂದಾ? ಜನಕ್ಕೆ ಹೆಂಗೆ ಹೇಳೋದು?" ಎಂದರು.

"ಮೂರ್ ದಪ ಕಟ್ಟಿ ಪಾಸಾದೋನು ನೀನು. ಆಗ ನಾನು ಜನಕ್ಕೆ ಹೆಂಗ್ ಹೇಳಿದ್ನೋ ಹಂಗೇ ಹೇಳು," ಎಂದರು ಮುನಿಲಕ್ಷ್ಮಮ್ಮ. ಅವರು ಸೊಸೆಯ ಕೈಲಿ ಕೇಸರಿಬಾತ್ ಮಾಡಿಸಿ ಬಾಡಿಗೆಮನೆಯವರಿಗೆಲ್ಲ ಹಂಚಿದರು.

ಜೂನ್‌ನಲ್ಲಿ ನನ್ನನ್ನು ಕೆಲಸದಿಂದ ತೆಗೆದರು. ಕಾರಣ ಕೇಳಲಿಲ್ಲ, ಕೇಳಿದ್ದರೆ ಲಕ್ಷ್ಮೀಪತಿಯವರು ಅದಕ್ಕೂ ಒಂದು ರೋಗದ ಹೆಸರು ಹುಡುಕುತ್ತಿದ್ದರು. ಈಗ ವಿಜಯನಗರದಲ್ಲಿ ಒಂದು ಟ್ಯೂಷನ್ ಸೆಂಟರಿನಲ್ಲಿ ಪಾಠ ಮಾಡುತ್ತೇನೆ. ರಕ್ಷಾ ಕಾಮರ್ಸ್ ತೆಗೆದುಕೊಂಡಿದ್ದಾಳೆ. ಮಾತ್ರೆ ಇನ್ನೂ ಇದೆ, ಕೆಟ್ಟ ದಿನಗಳೂ ಇವೆ. ಶನಿವಾರ ಮಧ್ಯಾಹ್ನ ಅಕೌಂಟೆನ್ಸಿ ಪುಸ್ತಕ ಹಿಡಿದು ನನ್ನ ಸೆಂಟರಿಗೆ ಬರುತ್ತಾಳೆ. ನನಗೆ ಅಕೌಂಟೆನ್ಸಿ ಬರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತು ಎರಡು ಗಂಟೆ ಓದಿ ಎದ್ದು ಹೋಗುತ್ತಾಳೆ.