ಹದಿನಾಲ್ಕನೆಯ ಗೆರೆ

ನನ್ನ ಬಲಗೈ ಒಂದೇ ದಿನದಲ್ಲಿ ಕೈಕೊಟ್ಟಿದ್ದಲ್ಲ. ಮೊದಲು ಶರ್ಟಿನ ತೋಳು ಹಾಕುವಾಗ ಚುಳ್ ಅಂತಿತ್ತು. ಆಮೇಲೆ ಆ ಮಗ್ಗುಲಿಗೆ ಮಲಗಲು ಆಗದಾಯಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಕೈ ಎದೆಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು, ಭುಜದ ಕೀಲಿಗೆ ಯಾರೋ ಸಿಮೆಂಟು ಸುರಿದ ಹಾಗೆ. ನಾನು ಮನೆಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿ. ಎದೆಮಟ್ಟದ ತನಕ ಮಾತ್ರ ಬಣ್ಣ ಹೊಡೆಯುವ ಮೇಸ್ತ್ರಿಯನ್ನು ಯಾರಾದರೂ ಕರೆಯುತ್ತಾರಾ?

ಕೆಲಸವೆಲ್ಲ ತಮ್ಮನ ಕೈಗೆ ಹೋಯಿತು. ನಾನೇ ಬ್ರಷ್ಷು ಹಿಡಿಯಲು ಕಲಿಸಿದವನು ಏಣಿಯ ಮೇಲೆ ನಿಂತು, "ಅಣ್ಣಾ, ನೀನು ಕೆಳಗಿಂದ ನೋಡ್ತಿರು, ಸಾಕು" ಅನ್ನುತ್ತಿದ್ದ. ಪ್ರೀತಿಯಿಂದಲೇ ಅಂದಿದ್ದು. ಆದರೂ ಮೈ ಉರಿಯುತ್ತಿತ್ತು.

ಕಂಡಕಂಡವರೆಲ್ಲ ವೈದ್ಯರಾದರು. ಒಬ್ಬರು ಎಣ್ಣೆ ತಿಕ್ಕು ಅಂದರು, ಇನ್ನೊಬ್ಬರು ಐಸ್ ಇಡು ಅಂದರು. ಎದುರುಮನೆಯವನು, ಬಾಗಿಲ ಚೌಕಟ್ಟಿಗೆ ಜೋತುಬೀಳು, ಲಟಕ್ ಅಂತ ಬಿಟ್ಟುಕೊಳ್ಳುತ್ತೆ ಅಂದ. ಜೋತುಬಿದ್ದೆ. ಆ ದಿನ ನಾನು ಕಿರುಚಿದ್ದಕ್ಕೆ ಮೊದಲು ಓಡಿಬಂದವನು ಅವನೇ.

ಕೊನೆಗೆ ಹೆಂಡತಿ ನನ್ನನ್ನು ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಭುಜಕ್ಕೆ ಒಂದು ಇಂಜೆಕ್ಷನ್ ಕೊಟ್ಟು, ಫಿಸಿಯೋ ಹತ್ತಿರ ಹೋಗಿ ಎಂದು ಚೀಟಿ ಬರೆದರು. ಚೀಟಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಹೋಗಿ ಗೇಟು ತೆರೆದಾಗಲೇ ಗುರುತು ಸಿಕ್ಕಿತು. ಮೂರು ವರ್ಷದ ಹಿಂದೆ ಆ ಮನೆಗೆ ಬಣ್ಣ ಹೊಡೆದವನು ನಾನೇ. ಆಗ ಅಲ್ಲಿ ಒಬ್ಬ ತಾಯಿ ಮತ್ತು ಮಗಳು ಬಾಡಿಗೆಗಿದ್ದರು. ಈಗ ಎದುರಿನ ಕೋಣೆಯಲ್ಲಿ ಎರಡು ಮಂಚ, ಬಿಸಿಶಾಖದ ಪೆಟ್ಟಿಗೆ, ಗೋಡೆಗೆ ಒರಗಿಸಿದ ಕೋಲುಗಳು.

ಫಿಸಿಯೋ ಡಾಕ್ಟರಮ್ಮ ಮೂವತ್ತರ ಆಸುಪಾಸಿನವರು. ನನ್ನ ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ಭುಜದ ಕೀಲಿನ ಸುತ್ತ ಒಂದು ಚೀಲ ಇರುತ್ತೆ ಮೇಸ್ತ್ರಿಗಳೇ. ಅದು ಊದಿ ಬಿಗಿದುಕೊಂಡಿದೆ. ಮೊದಲು ನೋವು, ಆಮೇಲೆ ಬಿಗಿ, ಆಮೇಲೆ ತಾನೇ ಸಡಿಲ. ಶುಗರ್ ಇರೋರಿಗೆ ಇದು ಜಾಸ್ತಿ ಬರುತ್ತೆ, ನಿಧಾನಕ್ಕೆ ಹೋಗುತ್ತೆ. ವರ್ಷ, ಎರಡು ವರ್ಷ ಹಿಡೀಬಹುದು."

"ಎರಡು ವರ್ಷನಾ? ಅಷ್ಟರಲ್ಲಿ ನನ್ನ ತಮ್ಮ ನನ್ನ ಹೆಸರನ್ನೇ ಮರೀತಾನೆ."

"ಅವಸರ ಮಾಡಿದ್ರೆ ಅದು ಮುನಿಸ್ಕೊಳ್ಳುತ್ತೆ. ಬನ್ನಿ, ಆ ಗೋಡೆ ಹತ್ತಿರ."

ಕಿಟಕಿಯ ಎದುರಿನ ಗೋಡೆ. ಕೋಣೆಯಲ್ಲಿ ನಾಲ್ಕು ಗೋಡೆಗಳಿದ್ದರೂ ಅವರು ತೋರಿಸಿದ್ದು ಅದನ್ನೇ. ನನ್ನ ಎದೆ ಧಸಕ್ಕೆಂದಿತು. ಯಾಕೆಂದು ಆ ದಿನ ಯಾರಿಗೂ ಹೇಳಲಿಲ್ಲ.

ಗೋಡೆಗೆ ಮುಖ ಮಾಡಿ ನಿಂತು, ಬಲಗೈಯ ಎರಡು ಬೆರಳುಗಳನ್ನು ಗೋಡೆಯ ಮೇಲೆ ನಡೆಸಿಕೊಂಡು ಮೇಲೆ ಹತ್ತಿಸಬೇಕು. ಎಟುಕಿದಷ್ಟು ಎಟುಕಲಿ, ಅಲ್ಲಿ ಹತ್ತು ಎಣಿಸಿ ಇಳಿಸಬೇಕು. ಎದೆಮಟ್ಟ ದಾಟಿ ನಾಲ್ಕು ಬೆರಳು ಹತ್ತುವಷ್ಟರಲ್ಲಿ ಕಣ್ಣಲ್ಲಿ ನೀರು. ಅಲ್ಲಿ, ನನ್ನ ಬೆರಳ ತುದಿಗಿಂತ ಕೂದಲೆಳೆಯಷ್ಟು ಮೇಲೆ, ಒಂದು ತೆಳು ನೀಲಿ ಗೆರೆ ಇತ್ತು.

ನಮ್ಮ ಕಸುಬಿನಲ್ಲಿ ಇದಕ್ಕೆ ಕಾರಣ ಉಂಟು. ಪೆನ್ನಿನ ಶಾಯಿಯ ಮೇಲೆ ನೇರ ನೀರಿನ ಬಣ್ಣ ಹೊಡೆಯಬಾರದು. ಮೊದಲು ಎಣ್ಣೆ ಪ್ರೈಮರ್ ಹಚ್ಚಿ ಮುಚ್ಚಬೇಕು, ಇಲ್ಲದಿದ್ದರೆ ಶಾಯಿ ಮೆಲ್ಲಗೆ ಬಣ್ಣ ತೂರಿಕೊಂಡು ಮೇಲೆ ಬರುತ್ತದೆ. ಮೊದಲ ವರ್ಷ ಬ್ರಷ್ಷು ಹಿಡಿದವನಿಗೂ ಇದು ಗೊತ್ತು. ನನಗಂತೂ ಚೆನ್ನಾಗಿ ಗೊತ್ತಿತ್ತು. ಮನೆ ಓನರಿಗೆ ಎರಡೇ ದಿನದಲ್ಲಿ ಮುಗಿಯಬೇಕಿತ್ತು, ನಾನು ಪ್ರೈಮರ್ ಬಿಟ್ಟೆ.

ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ಎರಡನೆಯ ಸಲ ಹೋದಾಗ ಎರಡನೆಯ ಗೆರೆ ಕಂಡಿತು, ಮೂರನೆಯ ಸಲ ಮೂರನೆಯದು. ಒಂದರ ಮೇಲೊಂದು, ಬೆರಳಗಲದ ಅಂತರ. ಪ್ರತಿ ಗೆರೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತಾರೀಕು, ಎಲ್ಲ ಮೂರು ವರ್ಷ ಹಳೆಯವು. ಶಾಯಿ ಮೇಲೆ ಬರುವುದು ಸರಿ, ಆದರೆ ಒಟ್ಟಿಗೆ ಬರಬೇಕಲ್ಲ? ಇವು ಕೆಳಗಿಂದ ಮೇಲಕ್ಕೆ, ನಾನು ಬಂದ ದಿನ ಒಂದೊಂದಾಗಿ, ನನ್ನ ಬೆರಳಿಗೆ ಇನ್ನೇನು ಎಟುಕಬೇಕು ಅನ್ನುವಲ್ಲಿ ಏಳುತ್ತಿದ್ದವು. ಇದಕ್ಕೆ ನನ್ನ ಕಸುಬಿನಲ್ಲಿ ಕಾರಣ ಇರಲಿಲ್ಲ.

ಡಾಕ್ಟರಮ್ಮನ ಕಣ್ಣಿಗೂ ಬಿತ್ತು. ಆ ಮನೆಗೆ ಬಣ್ಣ ಹೊಡೆದವನು ನಾನೇ ಎಂದಷ್ಟೇ ಅವರಿಗೆ ಹೇಳಿದ್ದೆ. "ನಿಮ್ಮ ಬಣ್ಣ ಸೋರ್ತಾ ಇದೆ ಮೇಸ್ತ್ರಿಗಳೇ. ಕೈ ಸರಿಹೋದ ಮೇಲೆ ಮೊದಲ ಕೆಲಸ ಇದೇ, ನೆನಪಿರಲಿ" ಎಂದು ನಕ್ಕರು. ನಾನೂ ನಕ್ಕೆ.

ಒಳ್ಳೆಯದೂ ಆಗುತ್ತಿತ್ತು, ಸುಳ್ಳು ಹೇಳಬಾರದು. ಬಿಸಿಶಾಖ, ಬಗ್ಗಿ ನಿಂತು ಕೈಯನ್ನು ತೂಗುಬಿಟ್ಟು ಅಲ್ಲಾಡಿಸುವುದು, ಟವೆಲ್ಲನ್ನು ಬೆನ್ನ ಹಿಂದೆ ಹಿಡಿದು ಎಳೆಯುವುದು, ಎಲ್ಲವನ್ನೂ ಮನೆಯಲ್ಲೂ ಮಾಡುತ್ತಿದ್ದೆ. ಹೆಂಡತಿ ಶರ್ಟಿನ ಗುಂಡಿ ಹಾಕುವುದು ತಪ್ಪಿತು. ಕೈ ಗಲ್ಲ ದಾಟಿತು, ಮೂಗು ದಾಟಿತು. ಹದಿನಾಲ್ಕನೆಯ ಗೆರೆ ಹಣೆಯ ಮಟ್ಟದಲ್ಲಿ ಎದ್ದಿತು. ಅಲ್ಲಿಗೆ ಬಂದು ನಿಂತೆ.

ನಿಂತೆ ಅಂದರೆ ನಿಂತೇಬಿಟ್ಟೆ. ಒಂದು ವಾರ, ಎರಡು ವಾರ, ಆರು ವಾರ. ಹದಿನೈದನೆಯ ಗೆರೆ ಬರಲಿಲ್ಲ, ನನ್ನ ಕೈಯೂ ಒಂದು ಕೂದಲೆಳೆ ಮೇಲೆ ಹೋಗಲಿಲ್ಲ.

ಮೂಳೆ ಡಾಕ್ಟರು ಇನ್ನೊಂದು ಇಂಜೆಕ್ಷನ್ ಕೊಟ್ಟರು. "ಇದಕ್ಕೂ ಬಗ್ಗದಿದ್ರೆ ಅನಸ್ತೇಶಿಯಾ ಕೊಟ್ಟು, ನೀವು ಮಲಗಿದ್ದಾಗ ನಾವೇ ಕೈ ಎತ್ತಿ ಬಿಡಿಸೋದು ಒಂದು ದಾರಿ. ಅದು ಕೊನೇ ದಾರಿ" ಅಂದರು. ಆ ಮಾತಿಗಿಂತ ನನಗೆ ಭಯವಾಗಿದ್ದು ಬೇರೆಯದಕ್ಕೆ. ಮಾರನೆಯ ದಿನ ಗೋಡೆಯ ಹತ್ತಿರ ನಿಂತಾಗ ಡಾಕ್ಟರಮ್ಮ ನನ್ನ ಸೊಂಟದ ಮಟ್ಟದಲ್ಲಿ ಬಗ್ಗಿ ನೋಡಿ, "ಇಲ್ಲಿ ಏನೋ ಬರವಣಿಗೆ ಎದ್ದಿದೆಯಲ್ಲ" ಎಂದರು. ಓದಿದರು.

"ಈ ಗೋಡೆ ಬಿಡಿ. ಇನ್ನೂ ಮುಗಿದಿಲ್ಲ."

ಅದನ್ನು ನಾನು ಮೂರು ವರ್ಷದ ಹಿಂದೆಯೇ ಓದಿದ್ದೆ. ಅಂದು ಮನೆಯಲ್ಲಿ ಯಾರೂ ಇರಲಿಲ್ಲ. ತಾಯಿ ಶುಗರ್ ಏರಿ ಆಸ್ಪತ್ರೆಯಲ್ಲಿದ್ದರು, ಮಗಳು ಅವರ ಜೊತೆಗಿದ್ದಳು. ಗೋಡೆಯ ತುಂಬ ಗೆರೆ, ಮೇಲೆ ಎತ್ತರದಲ್ಲಿ ಒಂದು ಮೊಳೆಗೆ ಯಾರೋ ಗಂಡಸಿನ ಫೋಟೋ. ಮುದುಕಿಗೆ ಅರಳುಮರಳು ಅಂದುಕೊಂಡೆ. ಫೋಟೋ ಇಳಿಸಿ ಮಂಚದ ಮೇಲಿಟ್ಟೆ, ಮೊಳೆ ಕಿತ್ತೆ, ತೂತಿಗೆ ಪುಟ್ಟಿ ತುಂಬಿದೆ. ಆಮೇಲೆ ಆ ಎರಡು ಸಾಲಿನ ಮೇಲೆ ಸೀಟಿ ಹೊಡೆಯುತ್ತಾ ಬಿಳಿ ಬಳಿದೆ.

ಆ ದಿನ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಅಂತಾರಾ? ಹೋಗಿ ಆ ಮಗಳನ್ನ ನೋಡ್ಕೊಂಡು ಬನ್ನಿ" ಎಂದಳು.

ಮಗಳು ಎರಡು ಬೀದಿ ಆಚೆ ಇಸ್ತ್ರಿ ಅಂಗಡಿಯಲ್ಲಿದ್ದಳು. ನಲವತ್ತು ದಾಟಿದ ಹೆಂಗಸು. ಬಿಳಿ ಶರ್ಟೊಂದರ ಕಾಲರಿನ ಮೇಲೆ ಇಸ್ತ್ರಿ ಎಳೆಯುತ್ತಿದ್ದಳು. ಆ ಗೋಡೆಗೆ ಬಿಳಿ ಬಳಿದದ್ದನ್ನು ಹೇಳಿದ ಮೇಲೆ ಇಸ್ತ್ರಿಯನ್ನು ನಿಲ್ಲಿಸಿಟ್ಟು ನನ್ನನ್ನೇ ನೋಡಿದಳು.

"ನೀವಾ ಅದು?"

"ನಾನೇ ತಂಗಿ."

"ಅಮ್ಮನಿಗೆ ಭುಜ ಹಿಡ್ಕೊಂಡಿತ್ತು. ಅಪ್ಪನ ಫೋಟೋನ ದಿನಾ ಅವಳೇ ಒರೆಸಬೇಕು, ನನಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಕೈ ಎತ್ತೋಕೆ ಆಗದಿದ್ದಾಗ ಹಟ ಹಿಡಿದಳು. ಮೊಳೆ ತನಕ ಕೈ ಹೋಗಲೇಬೇಕು ಅಂತ ದಿನಾ ಬೆರಳು ನಡೆಸಿ ಗೆರೆ ಎಳೀತಿದ್ದಳು. ಹದಿನಾಲ್ಕು ಆಗಿತ್ತು. ಆಸ್ಪತ್ರೆಯಿಂದ ಬಂದು ನೋಡಿದ್ರೆ ಗೋಡೆ ಬೆಳ್ಳಗೆ."

"ಬೈದರಾ?"

"ಇಲ್ಲ. ಎಲ್ಲಿವರೆಗೆ ಬಂದಿದ್ದೆ ಅಂತಾನೇ ಗೊತ್ತಾಗ್ತಿಲ್ಲವಲ್ಲೇ ಅಂದಳು, ಅಷ್ಟೇ. ಆಮೇಲೆ ಕೈ ಎತ್ತಲೇ ಇಲ್ಲ. ಮನೆ ಬಿಟ್ಟು ಹೊರಟ ವರ್ಷವೇ ತೀರಿಕೊಂಡಳು. ಆ ಕೈ ಹಾಗೇ ಇತ್ತು."

ಕ್ಷಮಿಸು ಅಂದೆ.

"ನನ್ನ ಹತ್ರ ಕೇಳಿ ಏನು ಬಂತು ಅಣ್ಣ" ಎಂದಳು. ಮತ್ತೆ ಇಸ್ತ್ರಿ ಎತ್ತಿಕೊಂಡಳು.

ಮಾರನೆಯ ದಿನ ಡಾಕ್ಟರಮ್ಮ ಒಳಗೆ ಬಿಸಿಶಾಖ ತರಲು ಹೋದಾಗ ನಾನು ಗೋಡೆಗೆ ಮುಖ ಮಾಡಿ ನಿಂತೆ. ಹುಚ್ಚು ಅನ್ನಿ, ಬೇಕಾದರೆ. "ಅಮ್ಮಾ, ತಪ್ಪು ನನ್ನದು. ಹದಿನಾಲ್ಕಕ್ಕೆ ಬಂದಿದ್ದಿರಿ. ಹಣೆ ಮಟ್ಟ. ಇಲ್ಲಿ" ಎಂದು ಬೆರಳಿಟ್ಟು ತೋರಿಸಿದೆ. "ಇಲ್ಲಿಂದ ಮುಂದಕ್ಕೆ ಹತ್ತೋಣ."

ಏನೂ ಆಗಲಿಲ್ಲ. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಹೊರಗೆ ಯಾರೋ ಸ್ಕೂಟರ್ ಶುರು ಮಾಡಲು ಒದ್ದಾಡುತ್ತಿದ್ದರು.

ಮುಂದಿನ ಸಲ ಹೋದಾಗ ಹದಿನೈದನೆಯ ಗೆರೆ ಇತ್ತು. ಅದರ ಪಕ್ಕದ ತಾರೀಕು ಅಂದಿನದು.

ನನ್ನ ಕಣ್ಣನ್ನು ನಾನು ನಂಬಲಿಲ್ಲ, ಉಗುರನ್ನು ನಂಬಿದೆ. ಮೊದಲ ಹದಿನಾಲ್ಕು ಗೆರೆಗಳ ಮೇಲೆ ಉಗುರು ಎಳೆದರೆ ನುಣುಪು, ಶಾಯಿ ಬಣ್ಣದ ಅಡಿಯಿಂದ ಬಂದದ್ದು. ಹದಿನೈದನೆಯದರ ಮೇಲೆ ಉಗುರು ತಡೆಯಿತು. ಪೆನ್ನಿನ ಮೊನೆ ಒತ್ತಿದ ಗೀರು ಇತ್ತು, ಬಣ್ಣದ ಮೇಲೆ. ಡಾಕ್ಟರಮ್ಮನನ್ನು ಕೇಳಿದೆ. ಬೆಳಿಗ್ಗೆ ನಾನೇ ಬೀಗ ತೆಗೆದದ್ದು, ನೀವೇ ಮೊದಲ ಪೇಷಂಟು ಅಂದರು. ಈ ಸಲ ಅವರು ನಗಲಿಲ್ಲ.

ಅಂದು ನನ್ನ ಬೆರಳು ಹದಿನೈದನ್ನು ಮುಟ್ಟಿತು.

ಇಂಜೆಕ್ಷನ್ ಕೆಲಸ ಮಾಡಿತು ಎನ್ನುತ್ತಾರೆ ಮೂಳೆ ಡಾಕ್ಟರು. ಸಡಿಲವಾಗುವ ಕಾಲ ಬಂದಿತ್ತು ಎನ್ನುತ್ತಾರೆ ಡಾಕ್ಟರಮ್ಮ. ಇಬ್ಬರೂ ಸರಿಯೇ ಇರಬಹುದು. ನಾನು ವಾದಕ್ಕೆ ಹೋಗುವುದಿಲ್ಲ. ನಾನು ಕಂಡದ್ದು ಇಷ್ಟು: ಪ್ರತಿ ಸಲ ಒಂದು ಹೊಸ ಗೆರೆ, ನನಗಿಂತ ಒಂದು ಬೆರಳು ಮೇಲೆ, ಅಂದಿನ ತಾರೀಕು. ಕೆಲವು ದಿನ ಕೋಣೆಯಲ್ಲಿ ನಾನೊಬ್ಬನೇ ಇದ್ದಾಗ, ನಾನು ಹತ್ತು ಎಣಿಸುವುದರ ಜೊತೆಗೆ ಪಕ್ಕದಲ್ಲಿ ಇನ್ನೊಂದು ಉಸಿರು ನೋವು ನುಂಗಿಕೊಂಡು ಎಣಿಸಿದಂತಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ಬೆರಳು ಕೆಳಗೆ ಇಳಿಸುತ್ತಲೂ ಇರಲಿಲ್ಲ.

ಮೂವತ್ತೊಂದನೆಯ ಗೆರೆಗೆ ನನ್ನ ಕೈ ಪೂರ್ತಿ ಮೇಲೆ ಹೋಯಿತು. ಆ ಗೆರೆಯ ಮೇಲೆಯೇ ನಾನು ತುಂಬಿದ್ದ ಪುಟ್ಟಿ ಉದುರಿ, ಹಳೆಯ ತೂತು ಬಾಯಿ ತೆರೆದುಕೊಂಡಿತ್ತು. ಬೆರಳು ಇಟ್ಟು ತೆಗೆದೆ. ತುದಿಗೆ ನೀಲಿ ಅಂಟಿತ್ತು. ಶಾಯಿ ಇನ್ನೂ ಒಣಗಿರಲಿಲ್ಲ.

ಅಲ್ಲೇ ಗೋಡೆಗೊರಗಿ ಅತ್ತೆ. ಹೆದರಿಕೆಗೋ ಸಂತೋಷಕ್ಕೋ ಕೇಳಬೇಡಿ.

ಮಾರನೆಯ ದಿನ ಇಸ್ತ್ರಿ ಅಂಗಡಿಯವಳನ್ನು ಕರೆತಂದೆ. ಫೋಟೋವನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದಳು. ಬಿಚ್ಚಿದರೆ ಗಾಜಿನ ಮೇಲೆ ಬೂದು ಧೂಳು, ಒಳಗಿನ ಮುಖವೇ ಕಾಣದಷ್ಟು.

"ಒರೆಸಿಲ್ವಾ ತಂಗಿ?"

"ಅಮ್ಮ ಬಿಡ್ತಿರಲಿಲ್ಲ ಅಂದೆನಲ್ಲ. ಆಮೇಲೆ ನನಗೆ ಮನಸ್ಸು ಬರಲಿಲ್ಲ."

ನಾನು ಬಲಗೈಯಲ್ಲಿ ಸುತ್ತಿಗೆ ಹಿಡಿದು ಮೊಳೆ ಹೊಡೆದೆ, ನಾಲ್ಕು ಏಟು, ಭುಜ ಹಿಡಿಯಲಿಲ್ಲ. ಫೋಟೋ ತೂಗುಹಾಕಿದೆ. ಡಾಕ್ಟರಮ್ಮ ಬಟ್ಟೆ ಕೊಡುತ್ತೇನೆಂದು ಒಳಗೆ ಕರೆದರು. ಮೂವರೂ ಒಳಕೋಣೆಗೆ ಹೋದೆವು, ಕಪಾಟಿನಿಂದ ಒಂದು ಹತ್ತಿ ಬಟ್ಟೆ ತೆಗೆದೆವು, ವಾಪಸು ಬಂದೆವು. ಅಷ್ಟೇ ಹೊತ್ತು.

ಗಾಜು ಫಳಫಳ ಅನ್ನುತ್ತಿತ್ತು. ಒಳಗಿನ ಮನುಷ್ಯ ಮೀಸೆಯಡಿಯಲ್ಲಿ ಸಣ್ಣಗೆ ನಗುತ್ತಿದ್ದ. ಗಾಜಿನ ಮೂಲೆಯಲ್ಲಿ ಒಂದು ಹೆಬ್ಬೆಟ್ಟಿನಷ್ಟು ನೀಲಿ ಶಾಯಿ ಮೆತ್ತಿತ್ತು. ಡಾಕ್ಟರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

ಮಗಳು ಕೈಯಲ್ಲಿದ್ದ ಬಟ್ಟೆಯನ್ನು ನಿಧಾನವಾಗಿ ಮಡಿಸಿದಳು.

"ಅಮ್ಮನಿಗೆ ಎಟುಕ್ತು" ಎಂದಳು.