ಏರುರಸ್ತೆಗೊಂದು ಟರ್ಬೊ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಹತ್ತೊಂಬತ್ತು ವರ್ಷದಿಂದ ಜನರಿಗೆ ಹೇಳಿಕೊಟ್ಟಿದ್ದು ಒಂದೇ ಪಾಠ: ನಿಧಾನ. ಆ ಪಾಠದಿಂದ ಬಂದ ಸಂಬಳ ಉಳಿಸಿ ಅವರು ಕೊಳ್ಳಹೊರಟಿದ್ದು ಮಾತ್ರ ವೇಗವನ್ನು. ತರಕಾರಿ ಚೀಲ, ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಬರುತ್ತಿದ್ದ ಮನೆಯ ಬಡಪಾಯಿ ಕಾರಿಗೆ ಅವರು ಟರ್ಬೊ ಹಾಕಿಸಬೇಕಿತ್ತು. ಅದು ಇಂಜಿನ್ನಿಗೆ ಗಾಳಿ ತುಂಬಿ ಬಲ ಕೊಡುತ್ತದೆಯಂತೆ.

ಇದಕ್ಕೆಲ್ಲ ಕಾರಣ ಭಾವಮೈದ. ಭಾನುವಾರ ಎಲ್ಲರಿಗೂ ಮಾವನ ಮನೆಯಲ್ಲಿ ಊಟ; ಅಲ್ಲಿಗೆ ಹೋಗಲು ಗುಡ್ಡದ ಏರು ಹತ್ತಬೇಕು. ಪ್ರತಿ ವಾರವೂ ಆ ಏರಿನಲ್ಲಿ ಭಾವಮೈದನ ದೊಡ್ಡ ಕಾರು ಇವರನ್ನು ಹಿಂದೆ ಹಾಕಿ ಹೋಗುತ್ತಿತ್ತು. ಕಿಟಕಿಯಿಂದ ಒಂದು ಕೈ ಹೊರಬಂದು ಬೀಸುತ್ತಿತ್ತು. ಇವರು ಮನೆ ಮುಟ್ಟುವಷ್ಟರಲ್ಲಿ ಅವನು ಕೈ ತೊಳೆದು ಕೂತು, "ಭಾವ ಬಂದ್ರು, ಅಡುಗೆ ಇನ್ನೊಂದ್ಸಲ ಬಿಸಿ ಮಾಡಿ" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಮಾವನೂ. ಒಂದೇ ಒಂದು ಭಾನುವಾರ ಆ ಮಾತನ್ನು ತಾವು ಹೇಳಬೇಕು ಎಂಬುದು ಮೇಷ್ಟ್ರ ಆಸೆ.

ಉಳಿತಾಯ ಎರಡು ವರ್ಷ ನಡೆಯಿತು. ಸ್ಟಿಯರಿಂಗ್ ಹಿಡಿದರೆ ಸೀದಾ ಲೈಟು ಕಂಬಕ್ಕೇ ತಿರುಗಿಸುವ, ಬೇರೆ ಮೇಷ್ಟ್ರುಗಳು ಕೈಮುಗಿದ ಶಿಷ್ಯರನ್ನೆಲ್ಲ ಇವರು ಒಪ್ಪಿಕೊಂಡರು. ಪೆಟ್ರೋಲು ಉಳಿಯಲೆಂದು ಕೆಲಸಕ್ಕೆ ನಡೆದೇ ಹೋದರು. ಮುಂದೆ ಜೋರಾಗಿ ಓಡಬೇಕಾದ ಕಾರು ಭಾನುವಾರ ಒಂದು ಬಿಟ್ಟು ಹೊದಿಕೆ ಹೊದ್ದು ನಿಂತೇ ಇತ್ತು. ಬಟ್ಟೆ ಹೊಲಿಯುವ ಹೆಂಡತಿಯ ಮೆಷಿನ್ನಿಗೆ ಮೋಟರು ಹಾಕಿಸುವುದೂ ಮುಂದಕ್ಕೆ ಹೋಯಿತು.

"ಕಾಲಲ್ಲೇ ತುಳೀತೀನಿ ಬಿಡಿ," ಎಂದಳು ಅವಳು. "ಆದ್ರೆ ಟರ್ಬೊ ಹಾಕ್ಸಿದ್ಮೇಲೆ ನಂಗೂ ಒಂದ್ಸಲ ಓಡ್ಸೋಕೆ ಕೊಡ್ಬೇಕು."

ಮದುವೆಯ ಹೊಸದರಲ್ಲಿ ಅವಳಿಗೆ ಕಾರು ಕಲಿಸಿದ್ದು ಮೇಷ್ಟ್ರೇ. ಲೈಸೆನ್ಸ್ ಬಂದ ಮೇಲೆ ಕೊಟ್ಟಿದ್ದು ಎರಡು ಸಲ.

"ಕೊಡೋಣ, ಕೊಡೋಣ," ಎಂದರು, ಮಾತನ್ನು ಕಿವಿಗೆ ಹಾಕಿಕೊಳ್ಳದೆ.

ಕೊನೆಗೂ ಟರ್ಬೊ ಬಂತು. ಭಾನುವಾರ ಏರಿನ ಬುಡದಲ್ಲಿ ಮೇಷ್ಟ್ರು ಆಕ್ಸಿಲರೇಟರ್ ಒತ್ತಿದರು. ಕಾರು ಮುಂದಕ್ಕೆ ನೆಗೆಯಿತು. ಮರುಕ್ಷಣ ಅವರ ಕಾಲು, ಯಾರ ಅಪ್ಪಣೆಯನ್ನೂ ಕೇಳದೆ, ಬ್ರೇಕಿನ ಮೇಲೆ ಬಿತ್ತು. ಶಿಷ್ಯರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಡೆಗಿರುವ ಹೆಚ್ಚುವರಿ ಬ್ರೇಕಿನಿಂದ, ವೇಗ ನಲವತ್ತು ದಾಟಿದಾಗಲೆಲ್ಲ ಕಾರು ನಿಲ್ಲಿಸಿ ನಿಲ್ಲಿಸಿ ಆ ಕಾಲು ಪಳಗಿಬಿಟ್ಟಿತ್ತು. ಮತ್ತೆ ಹೊರಟರು, ಮತ್ತೆ ಅದೇ ಕಥೆ. ಮೂರನೇ ಸಲ ಇಂಜಿನ್ ಆಫ್ ಆಗಿ ಕಾರು ನಡು ಏರಿನಲ್ಲಿ ನಿಂತಿತು. ಹಿಂದೆ ಸಾಲಾಗಿ ಹಾರನ್ ಸದ್ದು. ಭಾವಮೈದನ ಕಾರು ಪಕ್ಕದಲ್ಲೇ ದಾಟಿತು, ಕೈ ಹೊರಬಂತು. ಮೇಷ್ಟ್ರಿಗೆ ನಿಜಕ್ಕೂ ಅಳು ಬಂತು.

"ಇಳೀರಿ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ. "ಈ ಕಡೆ ಬನ್ನಿ."

ಸ್ಟಿಯರಿಂಗ್ ಹಿಡಿದ ಅವಳಿಗೆ ಅವಸರವೇ ಇರಲಿಲ್ಲ. ಟರ್ಬೊ ಬಲದಿಂದ ತಮ್ಮನ ಕಾರು ಸಿಕ್ಕಿದ ಮೇಲೆ ಮೂರು ತಿರುವು ಸುಮ್ಮನೆ ಹಿಂದೆ ಹೋದಳು. ರಸ್ತೆ ನೇರವಾದಲ್ಲಿ, ಎದುರು ಏನೂ ಇಲ್ಲವೆಂದು ನೋಡಿಕೊಂಡು, ಇಂಡಿಕೇಟರ್ ಹಾಕಿ, ಗಂಡ ಕಲಿಸಿದ ಹಾಗೆಯೇ ದಾಟಿದಳು. ಕಲಿಸಿದ ಗಂಡ ಕಣ್ಣು ಮುಚ್ಚಿಕೊಂಡು ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು.

ಭಾವಮೈದ ಒಳಗೆ ಬಂದಾಗ ಮೇಷ್ಟ್ರು ಕೈ ತೊಳೆದು ಕೂತಾಗಿತ್ತು. "ಬಂದ್ಯಾ? ಅಡುಗೆ ಇನ್ನೊಂದ್ಸಲ ಬಿಸಿ ಮಾಡ್ಸಲಾ?" ಎಂದರು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಮಾವ.

"ಏನ್ ಭಾವ, ಹಾರ್ಕೊಂಡೇ ಬಂದ್ರಲ್ಲ," ಎಂದ ಭಾವಮೈದ. "ಗಾಜಿಗೆ ಬಿಸ್ಲು ಹೊಡೀತಿತ್ತು, ನಿಮ್ಮ ಮುಖಾನೂ ಕಾಣ್ಲಿಲ್ಲ."

"ಓಡ್ಸಿದ್ದು ನಾನಲ್ಲ ಕಣೋ, ನಿಮ್ಮಕ್ಕ."

ನಗು ಇನ್ನೂ ಜೋರಾಯಿತು. "ನಮ್ಮ ಅಳಿಯಂದ್ರಿಗೆ ತಮಾಷೆನೂ ಬರುತ್ತೆ ಅಂತ ಗೊತ್ತಿರ್ಲಿಲ್ಲ," ಎಂದರು ಮಾವ.

ನಿಜ ಕಣ್ರೀ ಎಂದು ಇನ್ನೊಮ್ಮೆ ಹೇಳಬಹುದಿತ್ತು. ಮೇಷ್ಟ್ರು ನೀರು ಕುಡಿದರು. ಎರಡು ವರ್ಷ ಕಾದು ಪಡೆದ ನಗು, ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಹೇಳುವುದನ್ನು ಹೇಳಿದ್ದೇನೆ, ನಂಬದಿದ್ದರೆ ಅವರ ಹಣೆಬರಹ ಎಂದು ತಮಗೆ ತಾವೇ ನ್ಯಾಯ ಹೇಳಿಕೊಂಡರು. ಬಡಿಸುತ್ತಿದ್ದ ಹೆಂಡತಿ ಇವರ ಮುಖ ಒಮ್ಮೆ ನೋಡಿ ಮುಂದಿನ ತಟ್ಟೆಗೆ ಹೋದಳು.

ಸಂಜೆ ಎಲ್ಲರೂ ಗೇಟಿನವರೆಗೆ ಬಂದರು. ಟರ್ಬೊ ಸದ್ದು ಕೇಳಬೇಕೆಂದು ಭಾವಮೈದನೂ ಬಂದ. ಸದ್ದು ಆಗಲೇ ಕೇಳುತ್ತಿತ್ತು. ಸೀಟನ್ನು ತನ್ನ ಕಾಲಿಗೆ ಸರಿಯಾಗಿ ಮುಂದಕ್ಕೆ ಎಳೆದುಕೊಂಡು ಹೆಂಡತಿ ಸ್ಟಿಯರಿಂಗ್ ಮುಂದೆ ಕೂತಿದ್ದಳು.

ಮೇಷ್ಟ್ರು ಕಾರನ್ನು ಸುತ್ತಿಕೊಂಡು ಪಕ್ಕದ ಸೀಟಿನ ಬದಿಗೆ ನಡೆದರು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವರಿಗೆ.

"ಬೆಲ್ಟ್ ಹಾಕ್ಕೊಳ್ಳಿ," ಎಂದಳು ಅವಳು, ಕನ್ನಡಿ ನೋಡುತ್ತಾ.